ಮೂರು ನಲವತ್ತು

ವಾಲ್ದರೆಯಾ ಊರಿನ ಬೆಂಕಿ ನಂದಿಸುವವರ ಠಾಣೆ.
ಪೋರ್ಚುಗಲ್ಲಿನ ಈ ಕಡೆ ಅವರಿಗೆ ಸಂಬಳವಿಲ್ಲ,
ಹಗಲು ಬಡಗಿ, ಟಪಾಲಿನವ, ದನದ ಡಾಕ್ಟರು.
ಒಳಬಾಗಿಲ ಪಕ್ಕ ಆರು ಮೀಟರು ಖಾಲಿ ಗೋಡೆ,
ಮೂಲೆಯಲ್ಲೊಂದು ಸ್ವಿಚ್ಚು, ಅದನ್ನು ಕದಲಿಸುವಂತಿಲ್ಲ.
ಕೊಟ್ಟವರ ಹೆಸರನ್ನೆಲ್ಲ ಪಿಂಗಾಣಿ ಬಿಲ್ಲೆಯಲ್ಲಿ
ಬರೆದುಕೊಡು ಎಂದರು. ಟೇಪು ಹಿಡಿದು ಹೋದೆ.

ಅಧ್ಯಕ್ಷ ಬೆಲ್ಮಿರೊ ನಕ್ಷೆ ಬರೆದೇ ಇಟ್ಟಿದ್ದ:
ಮೇಲೆ ಚಿನ್ನದಂಚಿನ ದೊಡ್ಡ ಬಿಲ್ಲೆ, ಐದು ಸಾವಿರಕ್ಕೆ;
ನಡುವೆ ಬೆಳ್ಳಿ; ಕೆಳಗೆ ಮೊಣಕಾಲ ಮಟ್ಟದಲ್ಲಿ ಉಳಿದವರು.
‘ಅಷ್ಟು ಕೆಳಗೆ ಓದುವವರು ಯಾರು?’
‘ಮಕ್ಕಳು,’ ಅಂದ. ಸ್ವಲ್ಪ ಯೋಚಿಸಿ,
‘ನಾಯಿ ಮೂತ್ರ ಮಾಡದ ಹಾಗೆ ನೋಡಿಕೊಳ್ಳೋಣ.’

ರೂಳು ಪುಸ್ತಕ ತೆರೆದೆ.
ಕಾಗದದ ಗಿರಣಿ: ಹೊಸ ನೀರಿನ ಲಾರಿ.
ಗುಡ್ಡದ ತುಂಬ ನೀಲಗಿರಿ ನೆಟ್ಟಿದ್ದೂ ಅದೇ ಗಿರಣಿ,
ಅದನ್ನು ಬರೆಯಲು ಪುಸ್ತಕದಲ್ಲಿ ಕಲಮಿಲ್ಲ.
ಬೇಕರಿಯ ಝುಲ್ಮಿರಾ: ಹನ್ನೊಂದು ರಾತ್ರಿಯ ಬ್ರೆಡ್ಡು, ಹಣ ಸೊನ್ನೆ.
ಲಕ್ಸಂಬರ್ಗಿನಲ್ಲಿ ಗಾರೆ ಕಲಸುವ ಎವರಿಸ್ಟೊ:
ಪ್ರತಿ ಆಗಸ್ಟು ಇಪ್ಪತ್ತು ಯೂರೊ, ಮತ್ತು ಸಲಹೆ.
ಒಬ್ಬರು ಹೆಸರು ಬೇಡವೆಂದರು.
ಇನ್ನೊಬ್ಬರು ಹೆಸರು ಬೇಡ,
ಆದರೆ ನಾನೇ ಎಂದು ಗೊತ್ತಾಗುವ ಹಾಗಿರಲಿ ಎಂದರು.

ಕಿತೇರಿಯಾ: ತಿಂಗಳಿಗೆ ಐದು, ಬರೀ ಚಿಲ್ಲರೆ,
ಒಂಬತ್ತು ವರ್ಷ, ಒಂದು ತಿಂಗಳೂ ತಪ್ಪಿಲ್ಲ.
ಕಾಗುಣಿತ ಕೇಳಲು ಹೋದರೆ
ಅವರೆಯಂಥ ದಪ್ಪ ಕಾಳು ಬಿಡಿಸುತ್ತ ಕೂತಿದ್ದಳು.
‘ಹೆಸರು ಬೇಡ. ಮೂರು ನಲವತ್ತು ಅಂತ ಬರಿ.’

ಊರಿಗೆಲ್ಲ ಗೊತ್ತಿರುವ ಹೊತ್ತು ಅದು.
ಫೋನು ಹೋದದ್ದು ಎರಡು ಹತ್ತಕ್ಕೆ.
ಲಾರಿ ಬಂದದ್ದು ಮೂರು ನಲವತ್ತಕ್ಕೆ.
ಅಷ್ಟರಲ್ಲಿ ಸೂರು, ಹದಿನಾಲ್ಕು ಆಡು,
ಹಾಸಿಗೆ ಹಿಡಿದಿದ್ದ ಅಣ್ಣ.

‘ಇದು ದೂರು,’ ಬೆಲ್ಮಿರೊ ಕನ್ನಡಕ ತೆಗೆದ.
‘ದೂರಿಗೆ ಯಾರಾದರೂ ಮೆರುಗು ಹಾಕುತ್ತಾರೆಯೇ?’

ಮತ್ತೆ ಹೋದೆ. ಕಾಳು ಮುಗಿದಿತ್ತು, ಸಿಪ್ಪೆ ಗುಡಿಸುತ್ತಿದ್ದಳು.
‘ದೂರುವುದಾದರೆ ತಿಂಗಳ ತಿಂಗಳ ಯಾಕೆ ಕೊಡಲಿ?
ಮೊದಲು ಇಳಿದ ಹುಡುಗನಿಗೆ ಮೀಸೆ ಮೂಡಿರಲಿಲ್ಲ.
ನಂದಿಸಲು ಏನೂ ಉಳಿದಿರಲಿಲ್ಲ, ಕಣಯ್ಯ.
ಆದರೂ ಪೈಪು ಬಿಚ್ಚಿದ,
ಬೆಳಕು ಹರಿಯುವವರೆಗೆ ಬೂದಿಗೆ ನೀರು ಹಾಕಿದ,
ಗಿಡಕ್ಕೆ ಹಾಕಿದ ಹಾಗೆ.
ಎರಡು ಹತ್ತರಿಂದ ನಾನೊಬ್ಬಳೇ ಇದ್ದೆ.
ಮೂರು ನಲವತ್ತಕ್ಕೆ ಇಬ್ಬರಾದೆವು.’

ಕೋಬಾಲ್ಟು ಬಳಿಯುವಾಗ ಬೂದಿಯ ಬಣ್ಣ,
ನೀಲಿಯಾಗುವುದು ಕುಲುಮೆಯಲ್ಲಿ ಬೆಂದ ಮೇಲೆಯೇ.
ಊರಿನ ದಾನಿಗಳೆಲ್ಲ ಒಂದಿಡೀ ರಾತ್ರಿ
ಬೆಂಕಿಯಲ್ಲಿದ್ದರು. ಅವರಿಗೆ ಹೇಳಲಿಲ್ಲ.
ಗಿರಣಿಯ ಬಿಲ್ಲೆ ಎರಡು ಸಲ ಸೀಳಿತು.
ಅರ್ಥ ಹುಡುಕಬೇಡಿ, ದೊಡ್ಡ ಬಿಲ್ಲೆ ಸೀಳುವುದೇ ಹೆಚ್ಚು.
ಆ ನೆಪ ಸಾಕಾಯಿತು ನನಗೆ,
ಎಲ್ಲವನ್ನೂ ಅಂಗೈ ಅಳತೆಗೆ ಇಳಿಸಿದೆ.
ಬೆಲ್ಮಿರೊ ಕುಲುಮೆಯನ್ನು ಬೈದ, ನನ್ನನ್ನಲ್ಲ.

ಬಿಲ್ಲೆಯಿಂದ ಬಿಲ್ಲೆಗೆ ಒಂದು ನೀಲಿ ಗೆರೆ ಹರಿಸಿದೆ,
ನೆಲದಲ್ಲಿ ಬಿಚ್ಚಿ ಎಳೆದ ಪೈಪಿನಂತೆ:
ಬ್ರೆಡ್ಡಿನ ಕೆಳಗೆ ನುಸುಳಿ, ಗಿರಣಿಯನ್ನು ಸುತ್ತಿ,
ಹೆಸರು ಬೇಡವೆಂದವರ ಬಿಳಿ ಬಿಲ್ಲೆಯಲ್ಲಿ
ಗೆರೆ ಮಾತ್ರ. ಕೊನೆಗೆ ಸ್ವಿಚ್ಚಿನ ಪಕ್ಕ
ಮೂರು ನಲವತ್ತು.

ಬಂದವರು ಅದನ್ನು ಓದಿ
ತಮ್ಮ ಕೈಗಡಿಯಾರ ನೋಡಿಕೊಳ್ಳುತ್ತಾರೆ.
ರಾತ್ರಿ ಪಾಳಿಯ ಎರ್ಮಿನಿಯೊ ದಪ್ಪ ಮೀಸೆಯವನು,
ದೀಪ ಆರಿಸಲು ಕೈ ಚಾಚಿ ಒಂದು ಗಳಿಗೆ ತಡೆಯುತ್ತಾನೆ.
ಕೇಳಿದರೆ, ಸ್ವಿಚ್ಚು ಬಿಗಿ ಎನ್ನುತ್ತಾನೆ.

ಆ ತಿಂಗಳ ಲಕೋಟೆಯಲ್ಲಿ ಆರು ಯೂರೊ ಇತ್ತು.
ಒಂದು ಬಿಲ್ಲೆಯ ಖರ್ಚಿಗಂತೆ.